ಅಕ್ಕೋರು ಇಳಿಸದ ಬಾವುಟ

ಅಪ್ಪ ಅಮೆರಿಕಕ್ಕೆ ಬಂದ ಮೇಲೆ ಮೊದಲ ಸಲ ದನಿ ಎತ್ತಿ ಮಾತಾಡಿದ್ದು ತೊಗರಿ ಸಸಿಗಳನ್ನು ನೋಡಿ. ಅದಕ್ಕೂ ಮುಂಚೆ ಎಷ್ಟೋ ತಿಂಗಳು ಹೂಂ, ಉಹೂಂ ಬಿಟ್ಟು ಅವರ ಬಾಯಿಂದ ಹೆಚ್ಚಿನ ಮಾತೇ ಹೊರಟಿರಲಿಲ್ಲ. ಅವ್ವ ತೀರಿಕೊಂಡ ಮೇಲೆ ನಾನೇ ಹಟ ಹಿಡಿದು ಅವರನ್ನು ಕಲಬುರಗಿಯಿಂದ ವರ್ಜೀನಿಯಾದ ಆಲ್ಡಿಗೆ, ನಮ್ಮ ಮನೆಗೆ ಕರೆದುಕೊಂಡು ಬಂದಿದ್ದೆ. ಬಂದ ಚಳಿಗಾಲ ಮುಗಿಯುವಷ್ಟರಲ್ಲಿ ಕೊರೋನಾ ಬಂತು, ಎಲ್ಲರ ಮನೆ ಬಾಗಿಲೂ ಮುಚ್ಚಿತು. ಅಪ್ಪ ದನದ ಡಾಕ್ಟರಾಗಿದ್ದವರು. ಸೇಡಂ, ಚಿತ್ತಾಪುರ, ಜೇವರ್ಗಿ ಅಂತ ಮೋಟರ್ ಸೈಕಲ್ ಮೇಲೆ ಹಳ್ಳಿ ಹಳ್ಳಿ ತಿರುಗಿದ ಮನುಷ್ಯ. ಅವರಿಗೆ ಈಗ ಕಿಟಕಿಯ ಹೊರಗೆ ಕಾಣುತ್ತಿದ್ದದ್ದು ಒಂದೇ ಅಚ್ಚಿನ ಬೂದು ಮನೆಗಳ ಸಾಲು. ಹಗ್ಗ ಹಿಡಿದುಕೊಂಡು ಬಂದು ಕರೆಯುವ ರೈತನೂ ಇಲ್ಲ, ಒಂದು ಆಕಳೂ ಇಲ್ಲ.

2020ರ ಬೇಸಿಗೆಯ ಆರಂಭ. ನಾನು ಮೇಲಿನ ಕೋಣೆಯಲ್ಲಿ ಆಫೀಸಿನ ಮೀಟಿಂಗಿನಲ್ಲಿದ್ದೆ. ನೀರು ಶುದ್ಧೀಕರಿಸುವ ಘಟಕಗಳ ವಿನ್ಯಾಸ ನನ್ನ ಕೆಲಸ. ಹಿತ್ತಲಿನಿಂದ ಅಪ್ಪ ಕೂಗಿದ್ದು ಮೀಟಿಂಗಿನಲ್ಲಿದ್ದವರಿಗೆಲ್ಲ ಕೇಳಿಸಿತು.

"ಯವ್ವಾ, ಲಗೂನ ಬಾ! ಈ ಬಾಜೂ ಮನಿ ಬಾಯಿ ಹಿತ್ತಲದಾಗ ತೊಗರಿ ಅದ!"

ಕೆಳಗಿಳಿದು ಹೋದೆ. "ಅಪ್ಪಾ, ಅಮೆರಿಕದಾಗ ತೊಗರಿ ಯಾರ್ ಹಾಕ್ತಾರ? ಬ್ಯಾರೆ ಏನೋ ಇರಬೇಕು."

"ಕಲಬುರಗಿಯಂವಗ ತೊಗರಿ ಗುರ್ತ ಸಿಗಂಗಿಲ್ಲೇನು?"

ಬೇಲಿಯ ಆಚೆ, ತಲೆಗೆ ಹುಲ್ಲಿನ ಟೋಪಿ ಹಾಕಿಕೊಂಡು ಪಕ್ಕದ ಮನೆಯಾಕೆ ನಿಂತಿದ್ದರು. ಎಪ್ಪತ್ತು ದಾಟಿದ ಕಪ್ಪು ವರ್ಣದ ಎತ್ತರದ ಹೆಂಗಸು. ಹಿಂದಿನ ವರ್ಷವಷ್ಟೇ ಆ ಮನೆ ಕೊಂಡಿದ್ದರು. ಕೈ ಬೀಸುವುದು, ಹಲೋ ಅನ್ನುವುದು ಬಿಟ್ಟರೆ ನಮಗೆ ಪರಿಚಯವಿರಲಿಲ್ಲ. ಅವರು ಆಫ್ರಿಕನ್ ಅಮೆರಿಕನ್ ಎಂದು ನಾನು ನನ್ನಷ್ಟಕ್ಕೇ ತೀರ್ಮಾನ ಮಾಡಿದ್ದೆ. ಅವರ ಇಂಗ್ಲಿಷನ್ನು ನಾನಿಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ.

"ಇದು ಪಿಜನ್ ಪೀಸ್. ನಮ್ಮ ಬಾರ್ಬೇಡೋಸಿನಲ್ಲಿ ಇದಿಲ್ಲದೆ ಅನ್ನ ಇಳಿಯುವುದಿಲ್ಲ. ನಿಮ್ಮ ತಂದೆಗೆ ಇದು ಹೇಗೆ ಗೊತ್ತು?" ಎಂದು ಅವರು ಕೇಳಿದರು.

ಅಪ್ಪ ತಮ್ಮ ಹಳೆಯ ಕಾಲದ ಇಂಗ್ಲಿಷಿನಲ್ಲಿ, ತಮ್ಮ ಜಿಲ್ಲೆಯ ತುಂಬ ಬೆಳೆಯುವುದು ಇದೇ ಎಂದು ಒಂದೊಂದೇ ಪದ ಹುಡುಕಿಕೊಂಡು ಹೇಳಿದರು. ಸಸಿಗಳನ್ನು ಇಷ್ಟು ಒತ್ತಾಗಿ ಹಾಕಬಾರದು ಎಂದೂ ಹೇಳಿದರು. ಆಕೆ ಒಪ್ಪಲಿಲ್ಲ. ತಮ್ಮ ಅಜ್ಜಿ ಹೀಗೇ ಹಾಕುತ್ತಿದ್ದರು ಎಂದರು. ಬೇಲಿಯ ಎರಡೂ ಕಡೆ ಮಾಸ್ಕ್ ಹಾಕಿಕೊಂಡು ಇಬ್ಬರು ಮುದುಕರು ತೊಗರಿಯ ಅಂತರದ ಬಗ್ಗೆ ವಾದ ಮಾಡುವುದನ್ನು ನೋಡುತ್ತ ನಾನು ಮೀಟಿಂಗಿಗೆ ಮರಳಿ ಹೋಗುವುದನ್ನೇ ಮರೆತೆ.

ಆಕೆ ಮೇರಿಲ್ಯಾಂಡಿನ ಶಾಲೆಗಳಲ್ಲಿ ಗಣಿತ ಕಲಿಸಿ ನಿವೃತ್ತರಾದವರು ಎಂದು ತಿಳಿದ ದಿನವೇ ಅಪ್ಪ ಅವರಿಗೆ 'ಅಕ್ಕೋರು' ಎಂದು ಹೆಸರಿಟ್ಟರು. ನಮ್ಮ ಕಡೆ ಹೆಣ್ಣು ಮಾಸ್ತರರನ್ನು ಕರೆಯುವುದೇ ಹಾಗೆ. ಅರ್ಥ ಹೇಳಿದ ಮೇಲೆ ಅವರು ಆ ಹೆಸರನ್ನು ಸಂತೋಷದಿಂದ ಒಪ್ಪಿಕೊಂಡರು, ಉಚ್ಚಾರ ಮಾತ್ರ 'ಅಕ್ಕೋರೂ' ಎಂದು ಎಳೆಯುತ್ತಿದ್ದರು. ಆಮೇಲೆ ನಮ್ಮ ಮನೆಯಲ್ಲಿ ಎಲ್ಲರಿಗೂ ಅವರು ಅಕ್ಕೋರೇ ಆದರು.

ಆ ಬೇಸಿಗೆಯೆಲ್ಲ ಸಂಜೆ ಬೇಲಿಯ ಹತ್ತಿರ ಎರಡು ಕುರ್ಚಿ ಬೀಳುತ್ತಿದ್ದವು, ಈಚೆ ಒಂದು, ಆಚೆ ಒಂದು. ನಾನು ಚಹಾ ಕೊಡಲು ಹೋದವಳು ಅಲ್ಲೇ ಹುಲ್ಲಿನ ಮೇಲೆ ಕೂತುಬಿಡುತ್ತಿದ್ದೆ. ನನಗೆ ಬಾರ್ಬೇಡೋಸ್ ಅಂದರೆ ಗೊತ್ತಿದ್ದದ್ದು ಕ್ರಿಕೆಟ್ ಮತ್ತು ಸಮುದ್ರ ಮಾತ್ರ. ಮುನ್ನೂರು ವರ್ಷಕ್ಕೂ ಹೆಚ್ಚು ಕಾಲ ಬ್ರಿಟಿಷರ ಕೈಯಲ್ಲೇ ಇದ್ದ ದ್ವೀಪ ಅದು. ಅದನ್ನು 'ಪುಟ್ಟ ಇಂಗ್ಲೆಂಡ್' ಎಂದು ಕರೆಯುತ್ತಿದ್ದರಂತೆ. ಕಬ್ಬು ಹಾಕಲು ಬ್ರಿಟಿಷರು ಆಫ್ರಿಕಾದಿಂದ ಜನರನ್ನು ಹಡಗಿನಲ್ಲಿ ತುಂಬಿ ತಂದರು, ಆ ಹಡಗುಗಳ ಜೊತೆಗೇ ತೊಗರಿಯೂ ಬಂತು ಎಂದು ಅಕ್ಕೋರು ಹೇಳಿದರು. ನಮ್ಮ ದೇಶದ ಕಾಳು ಆಫ್ರಿಕಾಕ್ಕೆ ಹೋಗಿ, ಅಲ್ಲಿಂದ ಗುಲಾಮರ ಜೊತೆ ಸಮುದ್ರ ದಾಟಿತ್ತು. ಅದನ್ನು ಕೇಳಿ ಅಪ್ಪ ಕುರ್ಚಿಯನ್ನು ಬೇಲಿಗೆ ಇನ್ನಷ್ಟು ಹತ್ತಿರ ಎಳೆದುಕೊಂಡರು. ಆಮೇಲೆ ತಾವಾಗಿಯೇ ಕೇಳಿದರು:

"ಗುಲಾಮಗಿರಿ ಮುಗದ ಮ್ಯಾಲ ಹೊಲ ಯಾರಿಗಿ ಬಂತು?"

ನಾನು ಅದನ್ನು ಇಂಗ್ಲಿಷಿನಲ್ಲಿ ಹೇಳಿದೆ. ಅಕ್ಕೋರು ನಕ್ಕರು. "ನಿಮ್ಮ ತಂದೆ ಸರಿಯಾದ ಪ್ರಶ್ನೆ ಕೇಳುತ್ತಾರೆ. ನಮ್ಮವರಿಗೆ ಬಂದದ್ದು ಬಿಡುಗಡೆ ಮಾತ್ರ. ಹೊಲ ದೊರೆಗಳ ಹತ್ತಿರವೇ ಉಳಿಯಿತು."

ಆದ್ದರಿಂದ ಜನ ದೊರೆಯ ಹೊಲದ ಅಂಚಿನಲ್ಲೇ ಹಲಗೆಯ ಮನೆ ಕಟ್ಟಿಕೊಂಡು, ಅವನ ಕಬ್ಬನ್ನೇ ಕಡಿಯುತ್ತ ಬದುಕಬೇಕಾಯಿತು. ಆ ಮನೆಗಳಿಗೆ ಅಡಿಪಾಯ ಹಾಕುತ್ತಿರಲಿಲ್ಲ. ಕಲ್ಲುಗಳ ಮೇಲೆ ಎತ್ತಿ ಇಟ್ಟ ಮನೆ. ದೊರೆಗೆ ಸಿಟ್ಟು ಬಂದು ಜಾಗ ಖಾಲಿ ಮಾಡು ಎಂದ ದಿನ ಹಲಗೆ ಬಿಚ್ಚಿ ಗಾಡಿಗೆ ಹೇರಿಕೊಂಡು ಹೊರಡಬೇಕು. 'ಚಾಟೆಲ್ ಹೌಸ್' ಅಂತ ಅದರ ಹೆಸರು, ಎತ್ತಿಕೊಂಡು ಹೋಗುವ ಸರಕಿನ ಮನೆ. ಅಕ್ಕೋರ ಅಜ್ಜಿ ಕೂಲಿ ಹೆಚ್ಚು ಮಾಡಿ ಎಂದು ಉಳಿದ ಹೆಂಗಸರನ್ನು ಕಟ್ಟಿಕೊಂಡು ಹೋಗಿ ಕೇಳಿದ್ದಕ್ಕೆ ಮನೆ ಬಿಚ್ಚಬೇಕಾಯಿತು. ಗಾಡಿಯ ಮೇಲೆ ಹಲಗೆ, ಹಲಗೆಯ ಮೇಲೆ ಮಕ್ಕಳು. ಆ ಮಕ್ಕಳಲ್ಲಿ ಒಬ್ಬಳು ಅಕ್ಕೋರ ತಾಯಿ. "ಅಜ್ಜಿ ಹೋಗುವಾಗ ದೊರೆಯ ಬಂಗಲೆಯ ಮುಂದಿನಿಂದಲೇ ಗಾಡಿ ಹೊಡೆಸಿದಳಂತೆ. ಹಿಂದಿನ ದಾರಿ ಹತ್ತಿರವಿತ್ತು, ಆದರೂ" ಎಂದರು ಅಕ್ಕೋರು.

ಶಾಲೆಯ ಗೋಡೆಯ ಮೇಲೆ ರಾಣಿಯ ಚಿತ್ರವಿತ್ತಂತೆ. ಇಂಗ್ಲೆಂಡಿನ ನದಿಗಳ ಹೆಸರನ್ನು ಬಾಯಿಪಾಠ ಮಾಡಿಸುತ್ತಿದ್ದರಂತೆ. ಅಪ್ಪನಿಗೆ ಇದರಲ್ಲಿ ಆಶ್ಚರ್ಯವೇನೂ ಆಗಲಿಲ್ಲ. ಅವರು ಓದಿದ್ದು ಹೈದರಾಬಾದ್ ನಿಜಾಮರ ರಾಜ್ಯದಲ್ಲಿ. ಬೆಳಿಗ್ಗೆ ಸಾಲಾಗಿ ನಿಂತು ಉರ್ದುವಿನಲ್ಲಿ ನಿಜಾಮರ ಆಯುಷ್ಯ ಹೆಚ್ಚಲಿ ಎಂದು ಹಾಡಬೇಕಿತ್ತು. ಅಕ್ಕೋರು ರಾಣಿಯನ್ನು ದೇವರು ಕಾಪಾಡಲಿ ಎಂದು ಹಾಡುತ್ತಿದ್ದರು. ಇಬ್ಬರಿಗೂ ಹಾಡು ಪೂರ್ತಿ ನೆನಪಿತ್ತು. ಒಂದು ಸಲ ಹಾಡಿ ತೋರಿಸಿ, ಫೋನಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತೇನೆ ಎಂದೆ. ಇಬ್ಬರೂ ಒಪ್ಪಲಿಲ್ಲ.

ಬಾರ್ಬೇಡೋಸಿಗೆ ಸ್ವಾತಂತ್ರ್ಯ ಬಂದದ್ದು 1966ರ ನವೆಂಬರಿನಲ್ಲಿ. ಆಗ ಅಕ್ಕೋರಿಗೆ ಹದಿನೆಂಟು. ಮೈದಾನದಲ್ಲಿ ಜೋರು ಮಳೆ. ತಾಯಿಯ ಕೈ ಹಿಡಿದುಕೊಂಡು ನಿಂತಿದ್ದರು. ಬ್ರಿಟಿಷರ ಬಾವುಟ ಇಳಿದು ತಮ್ಮದು ಏರಿದ್ದನ್ನು ಕಣ್ಣಾರೆ ಕಂಡರು. ಆದರೆ ರಾಣಿ ರಾಣಿಯಾಗಿಯೇ ಉಳಿದಳು. ದೇಶ ಸ್ವತಂತ್ರ, ಅದರ ಮುಖ್ಯಸ್ಥೆ ಮಾತ್ರ ಸಮುದ್ರದಾಚೆ ಲಂಡನ್ನಿನಲ್ಲಿ. "ಅರ್ಧ ಬೆಂದ ಅನ್ನ" ಎಂದರು ಅಕ್ಕೋರು. ಅಪ್ಪ ತಲೆಯಾಡಿಸಿದರು. "ನಮ್ದೂ ಹಂಗೇ. ದೇಶಕ್ಕೆಲ್ಲ ಆಗಸ್ಟ್ ಹದಿನೈದು. ನಮಗ ಇನ್ನೂ ಹದಿಮೂರು ತಿಂಗಳ ಕಾಯಬೇಕಾಯ್ತು."

2020ರ ಸೆಪ್ಟೆಂಬರಿನಲ್ಲಿ ಬಾರ್ಬೇಡೋಸ್ ಸರ್ಕಾರ ಘೋಷಣೆ ಮಾಡಿತು: ಮುಂದಿನ ವರ್ಷದ ಸ್ವಾತಂತ್ರ್ಯ ದಿನಕ್ಕೆ ನಾವು ಗಣರಾಜ್ಯ, ಇನ್ನು ರಾಣಿ ಬೇಡ. ನವೆಂಬರಿನಲ್ಲಿ ಅವರ ರಾಜಧಾನಿಯ ಚೌಕದಲ್ಲಿ ಇನ್ನೂರು ವರ್ಷದಿಂದ ನಿಂತಿದ್ದ ಬ್ರಿಟಿಷ್ ನೌಕಾ ಸೇನಾಪತಿಯ ವಿಗ್ರಹವನ್ನು ಕ್ರೇನಿನಿಂದ ಇಳಿಸಿದರು. ಅಕ್ಕೋರು ಆ ವಿಡಿಯೋವನ್ನು ಬೇಲಿಯ ಮೇಲಿಂದ ಅಪ್ಪನಿಗೆ ತೋರಿಸಿದರು. ತಾವು ಅದೆಷ್ಟು ಸಲ ನೋಡಿದ್ದರೋ. ಅದೇ ತಿಂಗಳ ಕೊನೆಯ ದಿನ, ಅವರ ಸ್ವಾತಂತ್ರ್ಯ ದಿನದಂದು, ತಮ್ಮ ಮನೆಯ ಮುಂದೆ, ಬಾಗಿಲ ಪಕ್ಕದ ಕಂಬಕ್ಕೆ ಬಾವುಟ ಸಿಕ್ಕಿಸಿದರು. ಎರಡು ಅಂಚಿಗೆ ನೀಲಿ, ನಡುವೆ ಬಂಗಾರದ ಬಣ್ಣ, ಅದರಲ್ಲಿ ಒಂದು ಕಪ್ಪು ತ್ರಿಶೂಲದ ತಲೆ.

"ಇದಕ್ಕ ಹಿಡಿಕಿ ಎಲ್ಲದ?" ಎಂದು ಅಪ್ಪ ಕೇಳಿದರು.

"ಹಿಡಿಕೆ ಬ್ರಿಟಿಷರ ಕೈಯಲ್ಲಿತ್ತು. ಹಳೆಯ ಮುದ್ರೆಯಲ್ಲಿ ಅವರ ರಾಜರು ಪೂರ್ತಿ ತ್ರಿಶೂಲ ಹಿಡಿದುಕೊಂಡಿರುತ್ತಿದ್ದರು. ನಾವು ಮುರಿದುಕೊಂಡೆವು" ಎಂದರು ಅಕ್ಕೋರು.

ಒಂದು ದಿನದ ಮಾತಾದ್ದರಿಂದ ಆ ವರ್ಷ ಯಾರೂ ಏನೂ ಅನ್ನಲಿಲ್ಲ. ಗಲಾಟೆ ಶುರುವಾದದ್ದು ಮರುವರ್ಷ. 2021ರ ನವೆಂಬರ್ ಮೊದಲ ದಿನವೇ ಅಕ್ಕೋರು ಬಾವುಟ ಏರಿಸಿದರು. ಈ ಸಲ ಅದು ಇಳಿಯುವುದಿಲ್ಲ ಎಂದೂ ಹೇಳಿದರು.

ನಮ್ಮಂಥ ಬಡಾವಣೆಗಳಲ್ಲಿ ಮನೆ ಮಾಲೀಕರ ಸಂಘವೊಂದಿರುತ್ತದೆ. ಎಚ್‌ಓಎ ಅನ್ನುತ್ತಾರೆ. ಬಾಗಿಲಿಗೆ ಯಾವ ಬಣ್ಣ ಹೊಡೆಯಬೇಕು, ಕಸದ ಡಬ್ಬಿ ಎಲ್ಲಿಡಬೇಕು, ಎಲ್ಲಕ್ಕೂ ಅದರ ನಿಯಮವೇ. ನಮ್ಮ ಸಂಘದ ನಿಯಮದ ಪ್ರಕಾರ ಮನೆ ಮುಂದೆ ಅಮೆರಿಕದ ಬಾವುಟ ಹಾಕಬಹುದು, ರಾಜ್ಯದ್ದು ಹಾಕಬಹುದು, ಹಬ್ಬದ ಅಲಂಕಾರದ್ದು ಹಾಕಬಹುದು. ಬೇರೆ ಬಾವುಟ ಕೂಡದು. ಅಕ್ಕೋರ ಆಚೆ ಮನೆಯವರು ಆ ತಿಂಗಳ ಅಮೆರಿಕನ್ ಹಬ್ಬಕ್ಕೆಂದು ಟೋಪಿ ಹಾಕಿಕೊಂಡ ಟರ್ಕಿ ಕೋಳಿಯ ಬಾವುಟ ಹಾಕಿದ್ದರು. ಅದು ನಿಯಮಬದ್ಧ. ಒಂದು ದೇಶದ ಬಾವುಟ ನಿಯಮಬಾಹಿರ. ಅಕ್ಕೋರಿಗೆ ನೋಟಿಸ್ ಬಂತು.

ಸಂಘದ ಅಧ್ಯಕ್ಷರು ಕನ್ನಡದವರು, ಬೆಂಗಳೂರಿನ ಜಯನಗರದಲ್ಲಿ ಬೆಳೆದವರು. ಗಣೇಶ ಹಬ್ಬ, ಎಲ್ಲರೂ ಒಂದೊಂದು ಅಡುಗೆ ತರುವ ಪಾಟ್‌ಲಕ್ ಅಂತ ನಮಗೆ ಚೆನ್ನಾಗಿ ಪರಿಚಯ. ಒಂದು ಶನಿವಾರ ಮನೆಗೆ ಬಂದರು. ಕಾಫಿ ಕುಡಿದು ವಿಷಯಕ್ಕೆ ಬಂದರು.

"ನಿಮ್ ನೇಬರ್‌ಗೆ ನೀವು ಸ್ವಲ್ಪ ಹೇಳಿ. ನಿಮ್ ಫಾದರ್‌ಗೂ ಅವ್ರಿಗೂ ಒಳ್ಳೆ ಫ್ರೆಂಡ್‌ಶಿಪ್ ಇದೆಯಂತೆ. ನನಗೆ ಪರ್ಸನಲಿ ಏನೂ ಪ್ರಾಬ್ಲಮ್ ಇಲ್ಲ. ಆದ್ರೆ ಕಂಪ್ಲೇಂಟ್ ಬಂದಿದೆ, ಆ್ಯಕ್ಷನ್ ತಗೊಳ್ಳೇಬೇಕು. ಇವತ್ತು ಇವ್ರಿಗೆ ಓಕೆ ಅಂದ್ರೆ ನಾಳೆ ಇನ್ನೊಬ್ರು ಇನ್ನೇನೋ ಹಾಕ್ತಾರೆ."

"ಅದು ಅವರ ದೇಶದ ಬಾವುಟ ಅಲ್ವಾ?" ಎಂದೆ.

"ಅದೇ ನನ್ ಪಾಯಿಂಟು. ಇಷ್ಟ್ ವರ್ಷ ಇಲ್ಲಿದ್ದು ಸಿಟಿಜನ್‌ಶಿಪ್ಪಿಗೂ ಅಪ್ಲೈ ಮಾಡಿಲ್ಲವಂತೆ. ನಾವೆಲ್ಲ ರೂಲ್ಸ್ ಫಾಲೋ ಮಾಡ್ಕೊಂಡು, ಎಷ್ಟ್ ಕೇರ್‌ಫುಲ್ ಆಗಿ ಇಲ್ಲಿ ಹೆಸರು ಮಾಡಿದೀವಿ. ಸುಮ್ನೆ ಯಾಕೆ ಹೇಳಿ."

ಅಪ್ಪ ಆಚೆ ಸೋಫಾದಲ್ಲಿ ಪೇಪರ್ ಓದುತ್ತ ಕೂತಿದ್ದರು. ತಲೆ ಎತ್ತದೆಯೇ ಕೇಳಿದರು: "ಆ ಬಾವುಟ ಯಾರಿಗಿ ಚುಚ್ಚಲತ್ತದ?"

"ಹಂಗಲ್ಲ ಅಂಕಲ್, ರೂಲ್ಸ್ ಅಂದ್ರೆ ರೂಲ್ಸು."

ಅಪ್ಪ ಪೇಪರಿನ ಪುಟ ತಿರುವಿದರು. ಅಧ್ಯಕ್ಷರು ಹೋದ ಮೇಲೆ ನನ್ನನ್ನು ಕರೆದು, ಸಂಘದ ಸಭೆ ಯಾವಾಗ ಅದ, ನಾನೂ ಬರ್ತೀನಿ ಎಂದರು. ಯಾಕೆ ಎಂದು ಕೇಳಿದ್ದಕ್ಕೆ ತಮ್ಮ ಅಣ್ಣನ ಕಥೆ ಹೇಳಿದರು. ದೊಡ್ಡಪ್ಪ ಜೈಲಿಗೆ ಹೋಗಿದ್ದರು ಎಂದಷ್ಟೇ ನನಗೆ ಗೊತ್ತಿತ್ತು.

ಅಪ್ಪನಿಗೆ ಆಗ ಒಂಬತ್ತು ವರ್ಷ, ಅಣ್ಣನಿಗೆ ಹದಿನೇಳು. ದೇಶಕ್ಕೆ ಸ್ವಾತಂತ್ರ್ಯ ಬಂದರೂ ನಿಜಾಮರ ರಾಜ್ಯದಲ್ಲಿ ತ್ರಿವರ್ಣ ಧ್ವಜ ಏರಿಸುವುದು ಅಪರಾಧ. ಅಣ್ಣ ಊರ ಚಾವಡಿಯ ಮುಂದಿನ ಬೇವಿನ ಮರ ಹತ್ತಿ ಬಾವುಟ ಕಟ್ಟಿದ. ಸರ್ಕಾರದ ಪರವಾಗಿ ಊರು ಕಾಯುವ ಪೊಲೀಸ್ ಪಟೇಲ ಬಂದು, ನೀನೇ ಹತ್ತಿ ನೀನೇ ಬಿಚ್ಚು, ನಾನು ಮೇಲಿನವರಿಗೆ ತಿಳಿಸುವುದಿಲ್ಲ ಎಂದ. ಪಟೇಲ ಕೆಟ್ಟವನಲ್ಲ, ನಮ್ಮ ಮನೆಗೆ ಬಂದು ಹೋಗುವವನೇ. ಅಣ್ಣ ಬಿಚ್ಚಲಿಲ್ಲ. ಠಾಣೆಯಿಂದ ಅಮೀನನ ಕಡೆಯವರು ಬಂದು ಹೊಡೆದರು, ಕಲಬುರಗಿ ಜೈಲಿಗೆ ಒಯ್ದರು. ಭಾರತದ ಸೈನ್ಯ ಬಂದು ನಿಜಾಮರು ಮಣಿದ ಮೇಲೆಯೇ ಅವನು ಹೊರಗೆ ಬಂದದ್ದು. ಬಂದಾಗ ಬಲಗೈ ಮೇಲೆತ್ತಲು ಬರುತ್ತಿರಲಿಲ್ಲ.

"ಅವ ಸಾಯೂತನ ಎಡಗೈಲೆ ಉಂಡ" ಎಂದರು ಅಪ್ಪ. "ಪಟೇಲನ ಮಾತು ಕೇಳಿದ್ರ ಕೈ ಉಳೀತಿತ್ತು ಅಂತ ಊರಾಗ ಎಲ್ಲಾರೂ ಅಂದ್ರು. ಅವ ಒಂದ್ ದಿನಾನೂ ಅನ್ನಲಿಲ್ಲ."

ಸಭೆ ನಡೆದದ್ದು ಬಡಾವಣೆಯ ಕ್ಲಬ್‌ಹೌಸಿನಲ್ಲಿ. ದೂರ ದೂರ ಇಟ್ಟ ಕುರ್ಚಿ, ಎಲ್ಲರಿಗೂ ಮಾಸ್ಕು. ಸಮಿತಿಯ ಐದು ಜನ ಮೇಜಿನ ಹಿಂದೆ ಕೂತಿದ್ದರು. ಈಜುಕೊಳದ ದುರಸ್ತಿ, ಹಿಮ ತೆಗೆಯುವ ಕಂಟ್ರಾಕ್ಟು ಎಲ್ಲ ಮುಗಿದು ಅಕ್ಕೋರ ಸರದಿ ಬಂತು. ಚರ್ಚಿಗೆ ಹೋಗುವಾಗ ಹಾಕಿಕೊಳ್ಳುವ ನೀಲಿ ಕೋಟು ಹಾಕಿಕೊಂಡು ಬಂದಿದ್ದರು. ಎದ್ದು ನಿಂತು, ತರಗತಿಯಲ್ಲಿ ನಿಲ್ಲುವ ಹಾಗೆಯೇ ಬೆನ್ನು ನೆಟ್ಟಗೆ ಮಾಡಿಕೊಂಡು ಹೇಳಿದರು:

"ನನ್ನ ಅಜ್ಜಿಯ ಮನೆಗೆ ಅಡಿಪಾಯ ಇರಲಿಲ್ಲ. ಕಬ್ಬಿನ ತೋಟದ ದೊರೆ ಹೋಗು ಅಂದ, ಅವಳು ಮನೆ ಬಿಚ್ಚಿ ಗಾಡಿಗೆ ಹಾಕಿಕೊಂಡು ಹೋದಳು. ನನ್ನ ಮನೆಗೆ ಅಡಿಪಾಯ ಇದೆ. ಬೇಕಾದರೆ ನೀವು ಬಂದು ನೋಡಬಹುದು. ಮುನ್ನೂರ ತೊಂಬತ್ತು ವರ್ಷದ ಮೇಲೆ ಈ ತಿಂಗಳು ನನ್ನ ದೇಶ ರಾಣಿಗೆ ನಮಸ್ಕಾರ ಹೇಳಿ ಕಳಿಸುತ್ತಿದೆ. ಅದಕ್ಕೆ ನಾನು ಯಾರ ಅನುಮತಿಯನ್ನೂ ಕೇಳುವುದಿಲ್ಲ. ಬಾವುಟ ಇಳಿಯುವುದಿಲ್ಲ ಎಂದು ಮುಖಕ್ಕೆ ಹೇಳಿ ಹೋಗಲು ಬಂದೆ, ಅಷ್ಟೇ."

ಸಮಿತಿಯ ಒಬ್ಬಾಕೆ, ಇದು ಭಾವನೆಯ ವಿಷಯವಲ್ಲ, ಮನೆಗಳ ಬೆಲೆಯ ವಿಷಯ ಎಂದರು. ಅಷ್ಟರಲ್ಲಿ ಅಪ್ಪ ಎದ್ದು ನಿಂತರು. ಅವರು ಇಂಗ್ಲಿಷಿನಲ್ಲಿ ಮಾತಾಡುತ್ತಾರೆಂದು ಅಂದುಕೊಂಡಿದ್ದೆ. ಅವರು ನೇರವಾಗಿ ಅಧ್ಯಕ್ಷರನ್ನೇ ನೋಡುತ್ತ ಕನ್ನಡದಲ್ಲಿ ಶುರು ಮಾಡಿದರು.

"ತಮ್ಮಾ, ಧ್ವಜ ಇಳಸು ಅಂತ ಹೇಳೋರಿಗಿ ನಾ ಸಣ್ಣಂವ ಇದ್ದಾಗಿಂದ ನೋಡೀನಿ. ನಮ್ಮೂರ ಪೊಲೀಸ್ ಪಟೇಲನೂ ನಿನ್ನಂಗೇ ಛಲೋ ಮನುಷ್ಯಾನೇ. ಅವನೂ ರೂಲ್ಸ್ ಅಂದ. ಇವತ್ತ ಅವನ ಹೆಸರ ಯಾರಿಗೂ ನೆನಪಿಲ್ಲ. ನೀ ಬೆಂಗಳೂರಿನಾಂವ, ನಿಮ್ಮ ಕಡಿ ಮೈಸೂರ ಮಹಾರಾಜರು ಲಗೂನೇ ಬಿಟ್ಟಕೊಟ್ರು, ನಿಮಗ ತ್ರಾಸಾಗಲಿಲ್ಲ. ನಮಗ ಆಗ್ಯಾದ. ಈ ಅಕ್ಕೋರಿಗೂ ಆಗ್ಯಾದ. ತ್ರಾಸಾದೋರ ಮುಂದ ಕೋಳಿ ಚಿತ್ರದ ಬಾವುಟ ಚಂದ, ನಿಮ್ದು ಚಂದಿಲ್ಲ ಅಂತ ಹೇಳಬ್ಯಾಡ."

ಮೇಜಿನ ಹಿಂದಿನವರು ನನ್ನತ್ತ ನೋಡಿದರು. ನಾನು ಒಂದೂ ಮಾತು ಬಿಡದೆ ಇಂಗ್ಲಿಷಿಗೆ ತಂದೆ, ಕೋಳಿಯನ್ನೂ ಸೇರಿಸಿ. ಹಿಂದಿನ ಸಾಲಿನಲ್ಲಿ ಯಾರೋ ನಕ್ಕರು. ಅಧ್ಯಕ್ಷರ ಕಿವಿ ಕೆಂಪಾಗಿತ್ತು. "ಅಂಕಲ್, ನನಗೆ ನಿಮ್ ಮೇಲೆ ರೆಸ್ಪೆಕ್ಟ್ ಇದೆ" ಎಂದು ಕನ್ನಡದಲ್ಲಿ ಹೇಳಿ, ವೋಟಿಗೆ ಹಾಕಿದರು. ಇಬ್ಬರು ಅಕ್ಕೋರ ಪರ, ಅಧ್ಯಕ್ಷರೂ ಸೇರಿ ಮೂವರು ವಿರುದ್ಧ. ಬಾವುಟ ಇಳಿಸಬೇಕು, ಇಳಿಸದಿದ್ದರೆ ದಂಡ ಎಂದು ತೀರ್ಮಾನವಾಯಿತು.

ಪಾರ್ಕಿಂಗ್ ಜಾಗದಲ್ಲಿ ನನಗೆ ಅಳು ಬರುವಷ್ಟು ಸಿಟ್ಟು. ಅಕ್ಕೋರು ಮಾತ್ರ ಕೈಚೀಲದಲ್ಲಿ ಕಾರಿನ ಕೀ ಹುಡುಕುತ್ತ, ಇವತ್ತು ರಾತ್ರಿ ಇಬ್ಬನಿ ಹೆಪ್ಪುಗಟ್ಟುತ್ತದಂತೆ, ಉಳಿದ ತೊಗರಿ ಕಾಯಿ ಬಿಡಿಸಿಬಿಡೋಣ, ನಿಮ್ಮ ತಂದೆಯನ್ನು ಕಳಿಸಿ ಎಂದರು.

ದಂಡದ ಪತ್ರ ಬಂದರೂ ಬಾವುಟ ಹಾರುತ್ತಲೇ ಇತ್ತು. ನವೆಂಬರ್ ಮೂವತ್ತರ ಹಿಂದಿನ ದಿನ ಅಪ್ಪ ನನ್ನ ಮುಂದೆ ಹೊಸ ಬೇಡಿಕೆ ಇಟ್ಟರು. ನಮ್ಮ ಮನೆ ಮುಂದೆಯೂ ತ್ರಿವರ್ಣ ಧ್ವಜ ಹಾಕಬೇಕು. ಅಕ್ಕೋರು ಒಬ್ಬರೇ ಯಾಕೆ ಬೈಸಿಕೊಳ್ಳಬೇಕು? ನನ್ನ ಗಂಡ, ಸುಮ್ನೆ ಮೈಮೇಲೆ ಎಳ್ಕೊಳ್ಳೋದು ಬೇಡ, ನಾಳೆ ಮನೆ ಮಾರಬೇಕಾದ್ರೆ ತೊಂದರೆ ಎಂದರು. ಅದು ನಿಜವೇ. ನಾನೂ ಇಪ್ಪತ್ತು ವರ್ಷದಿಂದ ಈ ದೇಶದಲ್ಲಿ ಹಾಗೆಯೇ, ಯಾರ ಕಣ್ಣಿಗೂ ಬೀಳದಂತೆ ಬದುಕಿದ್ದೆ. ಆ ಸಂಜೆ ಗ್ಯಾರೇಜಿನಿಂದ ಏಣಿ ತಂದು ಬಾಗಿಲ ಪಕ್ಕದ ಗೋಡೆಗೆ ಕೊಂಡಿ ಕೂರಿಸಿದವಳು ನಾನೇ. ಡ್ರಿಲ್ ಸದ್ದಿಗೆ ಗಂಡ ಹೊರಗೆ ಬಂದರು, ಸ್ವಲ್ಪ ಹೊತ್ತು ನೋಡಿದರು, ಆಮೇಲೆ ಏಣಿ ಹಿಡಿದುಕೊಂಡರು.

ಬಾರ್ಬೇಡೋಸಿನಲ್ಲಿ ಗಣರಾಜ್ಯದ ಸಮಾರಂಭ ನಡುರಾತ್ರಿಗೆ. ಅಕ್ಕೋರು ನೋಡುವುದಿಲ್ಲ ಎಂದರು. "ಲಂಡನ್ನಿನಿಂದ ರಾಜಕುಮಾರ ಬಂದಿದ್ದಾನಂತೆ. ಅರವತ್ತಾರರಲ್ಲೂ ಅವರ ಮನೆಯವನೊಬ್ಬ ಬಂದಿದ್ದ, ಅವನಿಗಾಗಿ ಮಳೆಯಲ್ಲಿ ನಿಂತಿದ್ದೆ. ಇನ್ನು ಅವರಿಗಾಗಿ ನಿದ್ದೆಗೆಡುವುದಿಲ್ಲ." ಬೆಳಿಗ್ಗೆ ಅಪ್ಪನೂ ನಾನೂ ಅವರ ಮನೆಗೆ ತಿಂಡಿಗೆ ಹೋದೆವು, ರೆಕಾರ್ಡಿಂಗ್ ನೋಡಲು. ಕುಂಬಳಕಾಯಿ, ತೆಂಗಿನಕಾಯಿ, ಮೆಕ್ಕೆಜೋಳದ ಹಿಟ್ಟು ಕಲಸಿ ಬಾಳೆ ಎಲೆಯಲ್ಲಿ ಕಟ್ಟಿ ಬೇಯಿಸಿದ 'ಕಾಂಕಿ' ಮಾಡಿದ್ದರು. ಬಾಳೆ ಎಲೆ ನಮ್ಮ ಇಂಡಿಯನ್ ಅಂಗಡಿಯದೇ. ಒಂದಾನೊಂದು ಕಾಲದಲ್ಲಿ ಅದನ್ನು ನವೆಂಬರಿನಲ್ಲಿ ಬರುವ ಒಂದು ಇಂಗ್ಲಿಷ್ ಆಚರಣೆಗೆ ಮಾಡುತ್ತಿದ್ದರಂತೆ. ಸ್ವಾತಂತ್ರ್ಯ ಬಂದ ಮೇಲೆ ಜನ ಆ ಆಚರಣೆ ಬಿಟ್ಟು ತಿಂಡಿಯನ್ನು ಉಳಿಸಿಕೊಂಡರು.

"ಕಡಬು ಇದ್ದಂಗದ" ಎಂದು ಅಪ್ಪ ಎರಡು ತಿಂದರು.

ಟಿವಿಯಲ್ಲಿ ರಾಣಿಯ ಧ್ವಜ ಇಳಿಯಿತು. ಅವರ ದೇಶದವರೇ ಆದ ಒಬ್ಬ ಹೆಂಗಸು ಮೊದಲ ರಾಷ್ಟ್ರಪತಿಯಾಗಿ ಪ್ರಮಾಣ ಮಾಡಿದರು. ಅಕ್ಕೋರು ಅಲ್ಲಿಯವರೆಗೆ ತಟ್ಟೆ ಹಿಡಿದುಕೊಂಡು ನಿಂತೇ ಇದ್ದವರು, ಆಗ ಕುರ್ಚಿಯಲ್ಲಿ ಕೂತರು. ಕನ್ನಡಕ ತೆಗೆದು ಒರೆಸಿಕೊಂಡರು. ರಾಜಕುಮಾರ ಭಾಷಣದಲ್ಲಿ ಗುಲಾಮಗಿರಿ ಘೋರವಾಗಿತ್ತು ಎಂಬ ಅರ್ಥದ ಮಾತು ಹೇಳಿದ.

"ಕ್ಷಮಿಸಿ ಅಂದನಾ?" ಎಂದು ಅಕ್ಕೋರು ನನ್ನನ್ನು ಕೇಳಿದರು.

"ಇಲ್ಲ."

"ಹಾಗಾದರೆ ಮುಂದಕ್ಕೆ ಓಡಿಸು."

ಇನ್ನಾದರೂ ಅಮೆರಿಕದ ಪೌರತ್ವಕ್ಕೆ ಅರ್ಜಿ ಹಾಕುತ್ತೀರಾ ಎಂದು ನಾನು ಕೇಳಿದೆ. ಇಷ್ಟು ವರ್ಷ ಯಾಕೆ ಹಾಕಲಿಲ್ಲ ಎಂಬ ಕುತೂಹಲವೂ ಇತ್ತು. ಆ ಪ್ರಮಾಣವಚನದಲ್ಲಿ ಪರದೇಶದ ದೊರೆಗಳ ನಿಷ್ಠೆ ಬಿಟ್ಟೆ ಎಂದು ಹೇಳಬೇಕು. ನಾನೂ ಹೇಳಿದ್ದೆ, ನನಗೆ ಬಿಡಲು ಯಾವ ದೊರೆಯೂ ಇರಲಿಲ್ಲ. "ನನಗೆ ಇದ್ದಳು" ಎಂದರು ಅಕ್ಕೋರು. "ಅವಳನ್ನು ಬಿಟ್ಟೆ ಎಂದು ಅಮೆರಿಕದ ಜಡ್ಜ್ ಮುಂದೆ ಯಾಕೆ ಹೇಳಲಿ? ನಮ್ಮೂರಿನವರೇ ಅವಳನ್ನು ಬಾಗಿಲ ತನಕ ಬಿಟ್ಟು ಬರಬೇಕಿತ್ತು. ಈಗ ಬಿಟ್ಟು ಬಂದಾಯಿತು. ಈಗ ತಾನೇ ಒಂದು ದೇಶ ಪೂರ್ತಿ ನನ್ನದಾಗಿದೆ, ಇವತ್ತೇ ಇನ್ನೊಂದಕ್ಕೆ ಅರ್ಜಿ ಹಾಕು ಅನ್ನುತ್ತೀಯಲ್ಲ."

ಆ ವಾರವೇ ನಮಗೂ ನೋಟಿಸ್ ಬಂತು. ನಮ್ಮ ಬೀದಿಯಲ್ಲಿ ಬೇರೆ ಯಾರೂ ಬಾವುಟ ಹಾಕಲಿಲ್ಲ. ಕೆಲವರು ಬೆಳಗಿನ ವಾಕಿಂಗಿನಲ್ಲಿ ನಮ್ಮನ್ನು ಕಂಡು ಫೋನ್ ನೋಡಿಕೊಳ್ಳಲು ಶುರು ಮಾಡಿದರು. ಪಾಟ್‌ಲಕ್ಕಿನ ಎರಡು ಕರೆಗಳು ನಮಗೆ ತಲುಪಲಿಲ್ಲ. ಆದರೆ ಆಚೆ ಬೀದಿಯ ಒಬ್ಬ ಮೈಸೂರಿನ ಆಂಟಿ ಅಪ್ಪನನ್ನು ನಿಲ್ಲಿಸಿ, ಮೀಟಿಂಗಲ್ಲಿ ನೀವು ಹೇಳಿದ್ದು ಕೇಳಿಸಿಕೊಂಡೆ ಅಂತ ಕೋಡುಬಳೆ ಕೊಟ್ಟು ಹೋದರು.

ವಸಂತದಲ್ಲಿ ಸಮಿತಿಯ ಚುನಾವಣೆಗೆ ನಾನು ನಿಂತೆ. ಜೀವನದಲ್ಲಿ ಕ್ಲಾಸ್ ಲೀಡರ್ ಚುನಾವಣೆಗೂ ನಿಂತವಳಲ್ಲ. ಮನೆ ಮನೆಯ ಬಾಗಿಲು ತಟ್ಟಿದೆ. ಟರ್ಕಿ ಕೋಳಿಯ ಮನೆಯವರು ಒಳಗೆ ಕರೆದು, ಅಕ್ಕೋರ ದ್ವೀಪದ ಬಗ್ಗೆ ಬಹಳ ಪ್ರಶ್ನೆ ಕೇಳಿದರು. ಕಂಪ್ಲೇಂಟ್ ಕೊಟ್ಟವರು ತಾವಲ್ಲ ಎಂದು ಎರಡು ಸಲ ಹೇಳಿದರು. ಸ್ವಲ್ಪ ಮತಗಳಿಂದ ಗೆದ್ದೆ, ಸಮಿತಿಯ ಕಾರ್ಯದರ್ಶಿಯಾದೆ. ಅಧ್ಯಕ್ಷರೂ ಗೆದ್ದರು. ಮುಂದಿನ ಹಲವು ತಿಂಗಳು ನಾವಿಬ್ಬರೂ ವಾದ ಮಾಡಿದೆವು, ಜಗಳಾಡಿದೆವು. 2023ರಲ್ಲಿ ನಿಯಮ ಬದಲಾಯಿತು: ಅರ್ಜಿ ಕೊಟ್ಟು ಅನುಮತಿ ಪಡೆದರೆ ಯಾವ ದೇಶದ ಬಾವುಟವನ್ನಾದರೂ ಹಾಕಬಹುದು. ಅಧ್ಯಕ್ಷರೇ ನನ್ನ ಕೈ ಕುಲುಕಿ, "ನೋಡಿ, ಪ್ರಾಪರ್ ಚಾನೆಲ್‌ನಲ್ಲೇ ಆಯ್ತು" ಎಂದರು. ನಾನು ಹೆಮ್ಮೆಯಿಂದ ಅರ್ಜಿಯ ಹಾಳೆ ತೆಗೆದುಕೊಂಡು ಅಕ್ಕೋರ ಮನೆಗೆ ಹೋದೆ.

ಅವರು ಓದಿದರು. ಒಂದು ಕಾಗುಣಿತದ ತಪ್ಪು ತಿದ್ದಿದರು. ನನಗೇ ವಾಪಸು ಕೊಟ್ಟರು.

"ಇದರಲ್ಲಿ 'ಅನುಮತಿ ಕೋರುತ್ತೇನೆ' ಎಂದಿದೆ."

"ಅದು ಬರೀ ಫಾರ್ಮಾಲಿಟಿ, ಅಕ್ಕೋರೇ. ಖಂಡಿತ ಕೊಡ್ತೀವಿ. ನಾನೇ ಇದ್ದೀನಲ್ಲ ಅಲ್ಲಿ."

"ನೀನಿರುವುದು ಸಂತೋಷ. ಆದರೂ ಕೋರುವುದಿಲ್ಲ."

ನನಗೆ ಬೇಸರವಾಯಿತು. ಒಂದು ವರ್ಷದ ನನ್ನ ಕಷ್ಟಕ್ಕೆ ಒಂದು ಸಹಿಯ ಬೆಲೆಯೂ ಇಲ್ಲವೇ ಎನಿಸಿತು. ಮನೆಗೆ ಬಂದು ಅಪ್ಪನ ಹತ್ತಿರ ಹೇಳಿಕೊಂಡೆ. ನಮ್ಮ ಅರ್ಜಿಗೆ ಅವರಾದರೂ ಬೇಗ ಹೂಂ ಅನ್ನಬಹುದು ಎಂದುಕೊಂಡಿದ್ದೆ. ಅವರು ನಕ್ಕರು. "ನೀ ಸಮಿತಿಯಾಗ ಹೋಗಿ ಪಟೇಲಗಿತ್ತಿ ಆದಿ" ಎಂದರು. ನಾನು ಸಿಟ್ಟಿನಿಂದ ನಮ್ಮ ಅರ್ಜಿಯ ಹಾಳೆಯನ್ನು ಖಾಲಿಯಾಗಿಯೇ ಡ್ರಾಯರಿಗೆ ಹಾಕಿದೆ.

ಮುಂದಿನ ಸಭೆಯಲ್ಲಿ ಸಂಘದ ದಿನದಿನದ ಕೆಲಸ ನೋಡಿಕೊಳ್ಳುವ ಮ್ಯಾನೇಜ್‌ಮೆಂಟ್ ಕಂಪನಿಯವರು ನಿಯಮ ಉಲ್ಲಂಘನೆಗೆ ದಂಡ ಹಾಕುವ ಹಾಳೆಗಳನ್ನು ಸಹಿಗೆ ಮುಂದಿಟ್ಟರು. ಮೇಲಿನದೇ ಅಕ್ಕೋರದು, ಅದರ ಕೆಳಗಿನದು ನಮ್ಮದು. ಸಮಿತಿಯ ಕಾರ್ಯದರ್ಶಿಯಾಗಿ ಸಹಿ ಮಾಡಬೇಕಾದವಳು ನಾನು. ಎಲ್ಲರೂ ಕಾದರು. ಪಕ್ಕದಲ್ಲಿದ್ದ ಅಧ್ಯಕ್ಷರು ನನಗೊಬ್ಬಳಿಗೇ ಕೇಳಿಸುವಂತೆ, "ಪ್ಲೀಸ್, ಸೈನ್ ಮಾಡ್ಬಿಡಿ, ಆಮೇಲೆ ಫೈನ್ ವೇವ್ ಮಾಡೋಣ" ಎಂದರು.

ಎರಡೂ ಹಾಳೆಗಳನ್ನು ಅವರ ಮುಂದಕ್ಕೆ ಸರಿಸಿದೆ. "ನಾನು ಮಾಡಲ್ಲ" ಎಂದೆ. ಅವರೂ ಮಾಡಲಿಲ್ಲ. ಸ್ವಲ್ಪ ಹೊತ್ತು ಹಾಳೆಗಳು ನಮ್ಮಿಬ್ಬರ ನಡುವೆಯೇ ಬಿದ್ದಿದ್ದವು. ಆಮೇಲೆ ಅಧ್ಯಕ್ಷರು ಗಂಟಲು ಸರಿಮಾಡಿಕೊಂಡು, ಮುಂದಿನ ವಿಷಯ ಪಾರ್ಕಿಂಗ್ ಎಂದರು.